ಗ್ರಹ-ನಕ್ಷತ್ರಗಳ ಚಿತ್ರಗಳಿಂದ ಪುಟ್ಟ ನೌಕೆಯ ಸ್ಥಾನ ನಿರ್ಣಯ: ಅನುಭವವುಳ್ಳವರು ದಯವಿಟ್ಟು ತಿಳಿಸಿ

ಪ್ರಶ್ನೆ: ಸೂರ್ಯನನ್ನು ಸುತ್ತುವ ಪುಟ್ಟ ನೌಕೆಯೊಂದು ಭೂಮಿಯ ಆಂಟೆನಾಗಳನ್ನು ನೆಚ್ಚದೆ, ತನ್ನ ಕ್ಯಾಮೆರಾದಿಂದಲೇ, ನಕ್ಷತ್ರಗಳ ಹಿನ್ನೆಲೆಯಲ್ಲಿ ಗ್ರಹಗಳು ಕಾಣುವ ದಿಕ್ಕನ್ನು ಅಳೆದು, ಸ್ಥಾನವನ್ನು ಕಂಡುಕೊಳ್ಳುವ ಸಿಮ್ಯುಲೇಶನ್ ಸಿದ್ಧಪಡಿಸುತ್ತಿದ್ದೇನೆ. ಚಿತ್ರಗಳಲ್ಲಿ ಗ್ರಹಗಳು ಸ್ಪಷ್ಟವಾಗಿದ್ದರೂ ಲೆಕ್ಕದಲ್ಲಿ ಸಾವಿರಾರು ಕಿಲೋಮೀಟರುಗಳ ತಪ್ಪು ಉಳಿಯುತ್ತಿದೆ. ಎಲ್ಲಿ ಹುಡುಕಲಿ?

ಮೊದಲ ಉತ್ತರ: ನನಗೂ ಹೀಗೆಯೇ ಆಗಿತ್ತು. ಎರಡು ವಾರ ಲೆನ್ಸಿನ ಮಾದರಿಯನ್ನೇ ಶಂಕಿಸುತ್ತ ಕುಳಿತೆ. ತಪ್ಪಿದ್ದದ್ದು ಬೆಳಕಿನ ವೇಗದ ಲೆಕ್ಕದಲ್ಲಿ. ನೌಕೆಯು ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಸಾಗುವಾಗ ಆಕಾಶಕಾಯಗಳು ತಮ್ಮ ನಿಜವಾದ ದಿಕ್ಕಿನಿಂದ ಚಲನೆಯ ಕಡೆಗೆ ಹೆಚ್ಚೆಂದರೆ ಸುಮಾರು 20 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡು ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ವಾಲಿದಂತೆ ಕಾಣುತ್ತವೆ. ನಾನು ಈ ತಿದ್ದುಪಡಿಯನ್ನು ನಕ್ಷತ್ರಗಳಿಗೆ ಮಾಡಿ, ಗ್ರಹಕ್ಕೆ ಮಾಡುವುದನ್ನು ಬಿಟ್ಟಿದ್ದೆ. 15 ಕೋಟಿ ಕಿ.ಮೀ. ದೂರದ ಗ್ರಹವನ್ನು ನೋಡುವಾಗ ಒಂದು ಆರ್ಕ್‌ಸೆಕೆಂಡು ಎಂದರೆ ಅಡ್ಡಲಾಗಿ ಸುಮಾರು 725 ಕಿ.ಮೀ., ಆದ್ದರಿಂದ ಆ ಒಂದು ಲೋಪವೇ 15,000 ಕಿ.ಮೀ.ವರೆಗೆ ಬೆಳೆಯಬಲ್ಲದು. ಅದರ ಜೊತೆಗೆ, ಅಷ್ಟು ದೂರದಿಂದ ಬೆಳಕು ಬರಲು ಎಂಟು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಶುಕ್ರಗ್ರಹವು ತನ್ನ ಕಕ್ಷೆಯಲ್ಲಿ 17,000 ಕಿ.ಮೀ. ಮುಂದೆ ಹೋಗಿರುತ್ತದೆ. ಚಿತ್ರ ತೆಗೆದ ಕ್ಷಣದ ಸ್ಥಾನವನ್ನಲ್ಲ, ಬೆಳಕು ಹೊರಟ ಕ್ಷಣದ ಸ್ಥಾನವನ್ನು ಪಂಚಾಂಗದಿಂದ (ಗ್ರಹಗಳ ಸ್ಥಾನ ಕೊಡುವ ಖಗೋಳ ಕೋಷ್ಟಕದಿಂದ) ತೆಗೆದುಕೊಳ್ಳಿ.

ಎರಡನೆಯ ಉತ್ತರ: ಮೇಲಿನ ಮಾತನ್ನು ಮೊದಲು ಪರಿಶೀಲಿಸಿ. ಆಮೇಲೆ ಗ್ರಹಗಳ ಆಯ್ಕೆ. ಕ್ಯಾಮೆರಾ ಕೊಡುವುದು ದಿಕ್ಕನ್ನು ಮಾತ್ರ, ದೂರವನ್ನಲ್ಲ. ಎರಡು ಗ್ರಹಗಳ ದೃಷ್ಟಿರೇಖೆಗಳು ಹೆಚ್ಚುಕಡಿಮೆ ಸಮಾನಾಂತರವಾಗಿದ್ದರೆ ಅವು ಕೂಡುವ ಬಿಂದು ಉದ್ದಕ್ಕೂ ಜಾರುತ್ತದೆ. ಕೋನವು ಲಂಬಕ್ಕೆ ಹತ್ತಿರವಿರುವ ಜೋಡಿಯನ್ನು ಆರಿಸಿ, ಹಲವು ದಿನಗಳ ವೀಕ್ಷಣೆಗಳನ್ನು ಕಾಲ್ಮನ್ ಫಿಲ್ಟರಿನಲ್ಲಿ (ದೋಷವಿರುವ ಅಳತೆಗಳನ್ನು ಒಂದೊಂದಾಗಿ ಬೆರೆಸಿ ಅಂದಾಜನ್ನು ಸುಧಾರಿಸುತ್ತ ಹೋಗುವ ಲೆಕ್ಕದ ವಿಧಾನ) ಸೇರಿಸಿ. 1998ರಲ್ಲಿ ಹಾರಿದ ಡೀಪ್ ಸ್ಪೇಸ್ 1 ನೌಕೆಯು ತಾನಾಗಿ ದಾರಿ ಕಾಣಲು ಕ್ಷುದ್ರಗ್ರಹಗಳನ್ನು ಗುರುತಾಗಿ ಬಳಸಿತ್ತು. ಹತ್ತಿರದ ಕ್ಷುದ್ರಗ್ರಹ ಸಿಕ್ಕರೆ ಅದೇ ಕೋನದೋಷಕ್ಕೆ ಕಡಿಮೆ ಕಿಲೋಮೀಟರುಗಳ ತಪ್ಪು ತಗಲುತ್ತದೆ.

ಮೂರನೆಯ ಉತ್ತರ: ಎಕ್ಸ್‌ಪೋಷರ್ ಮರೆಯಬೇಡಿ. ಭೂಮಿಯಿಂದ ಕಾಣುವಂತೆ ಶುಕ್ರವು ಬರಿಗಣ್ಣಿಗೆ ನಸುವಾಗಿ ಕಾಣುವ ನಕ್ಷತ್ರಕ್ಕಿಂತ ಸುಮಾರು 10,000 ಪಟ್ಟು ಪ್ರಕಾಶಮಾನವಾಗಿದೆ. ನಕ್ಷತ್ರ ಮೂಡುವಷ್ಟು ಹೊತ್ತು ಷಟರ್ ತೆರೆದರೆ ಗ್ರಹವು ಉಕ್ಕಿ ಹರಿದು ಅದರ ಕೇಂದ್ರ ಅಳಿಸಿಹೋಗುತ್ತದೆ. ನಾನು ಒಂದು ಸೆಕೆಂಡಿನೊಳಗೆ ದೀರ್ಘ ಮತ್ತು ಹ್ರಸ್ವ ಎರಡು ಚಿತ್ರಗಳನ್ನು ತೆಗೆದು, ನಡುವಿನ ನೌಕೆಯ ತಿರುಗನ್ನು ಜೈರೋದಿಂದ (ತಿರುಗುವಿಕೆಯನ್ನು ಅಳೆಯುವ ಉಪಕರಣ) ಅಳೆದು ಸರಿಪಡಿಸುತ್ತೇನೆ. ಗ್ರಹವು ಬಿದಿಗೆಯ ಚಂದ್ರನಂತೆ ಅರೆಬರೆ ಬೆಳಗಿದ್ದರೆ ಬೆಳಕಿನ ಕೇಂದ್ರವು ಸೂರ್ಯನ ಕಡೆಗೆ ಸರಿದಿರುತ್ತದೆ, ಅದನ್ನೂ ಕಳೆಯಬೇಕು. ದೀರ್ಘ ಚಿತ್ರಗಳನ್ನು ಎಸೆಯಬೇಡಿ: 1979ರ ಮಾರ್ಚಿನಲ್ಲಿ ವಾಯೇಜರ್ 1 ನೌಕೆಯ ದಾರಿಗಾಗಿ ತೆಗೆದ ಅಂಥದೊಂದು ಚಿತ್ರದಲ್ಲಿಯೇ ನೌಕೆಯ ದಾರಿ ನಿರ್ಣಯಿಸುವ ತಂಡದ ಎಂಜಿನಿಯರ್ ಲಿಂಡಾ ಮೊರಬಿಟೊ ಅವರು ಗುರುಗ್ರಹದ ಅಯೋ ಉಪಗ್ರಹದ ಅಂಚಿನಿಂದ ಎದ್ದ ಜ್ವಾಲಾಮುಖಿಯ ಚಿಮ್ಮನ್ನು ಗುರುತಿಸಿದರು.