ಸಹಾಯ ಬೇಕು: ಅಣ್ಣನ ಕಂಪನಿ ಹೆಸರಿಗೆ ನೋಟಿಸ್ ಬಂದಿದೆ

ಪುಣೆಯಲ್ಲಿ ಟ್ರೇಡ್‌ಮಾರ್ಕ್ ಕೇಸು ನೋಡುವ, ಕನ್ನಡ ಬಲ್ಲ ವಕೀಲರು ಯಾರಾದರೂ ಗೊತ್ತಾ? ನಮ್ಮಣ್ಣ ಹಡಪ್ಸರ್‌ನಲ್ಲಿ ಸಣ್ಣ ಅಪಾರ್ಟ್‌ಮೆಂಟ್‌ಗಳನ್ನು ಕಟ್ಟುತ್ತಾನೆ, ಕಂಪನಿಗೆ ಮನೆತನದ ಹೆಸರೇ ಇದೆ. ಈಗ ಅದೇ ಥರದ ಹೆಸರಿನ ದೊಡ್ಡ ಬಿಲ್ಡರ್ ಒಬ್ಬರು ಬೋರ್ಡ್ ತೆಗೆಯಿರಿ ಎಂದು ನೋಟಿಸ್ ಕಳಿಸಿದ್ದಾರೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಅವರು ಬಳಸುವುದಕ್ಕೂ ನೋಂದಣಿ ಮಾಡಿಸುವುದಕ್ಕೂ ಮೊದಲಿನಿಂದ ನಾವು ಬಳಸುತ್ತಿದ್ದರೆ ತಡೆಯುವಂತಿಲ್ಲ, ಅಲ್ವಾ? ಹಳೇ ಬುಕಿಂಗ್ ರಸೀದಿ, ಬೋರ್ಡ್ ಬರೆದ ಪೇಂಟರ್ ಕೊಟ್ಟ ಬಿಲ್ಲು (ಅಂಚು ಗೆದ್ದಲು ತಿಂದಿದೆ, ತಾರೀಖು ಚೆನ್ನಾಗಿ ಕಾಣುತ್ತದೆ) ಸಿಕ್ಕಿವೆ. ಇಷ್ಟು ಸಾಕಾ? ಮುಂಬೈನ ದೊಡ್ಡ ಬಿಲ್ಡರ್‌ಗಳಾದ ಲೋಢಾ ಅಣ್ಣತಮ್ಮಂದಿರ ಹೆಸರಿನ ಜಗಳ ಬಾಂಬೆ ಹೈಕೋರ್ಟ್‌ಗೆ ಹೋಗಿ, 2025ರಲ್ಲಿ ಮಧ್ಯಸ್ಥಿಕೆಯಿಂದಲೇ ಮುಗಿಯಿತು. ನಮಗೂ ಮಾತುಕತೆ ಆದರೆ ಒಳ್ಳೆಯದು, ಆದರೆ ಹೆಸರು ಬಿಟ್ಟುಕೊಡಲು ಮನಸ್ಸಿಲ್ಲ. ಉತ್ತರ ಕೊಡುವ ಗಡುವು ಹತ್ತಿರ ಬಂದಿದೆ, ಗೊತ್ತಿದ್ದವರು ದಯವಿಟ್ಟು ಇವತ್ತೇ ಮೆಸೇಜ್ ಮಾಡಿ.