ಕಂಕುಳಿನ ಗಂಟು ತಗದ ಮ್ಯಾಲೆ ಡ್ರೇನ್, ಕೈ ವ್ಯಾಯಾಮ, ಬಾವು: ಮನ್ಯಾಗ ಹೆಂಗ ನೋಡ್ಕೋಬೇಕು?

ಖಣದೂರು (ಬಾಗಲಕೋಟೆ ಜಿಲ್ಲೆ)

ಅವ್ವಗ 54 ವರ್ಷ. ಎಡಗಡೆ ಸ್ತನ ಕ್ಯಾನ್ಸರ್, ಬೆಳಗಾವ್ಯಾಗ ಆಪರೇಷನ್ ಆಗಿ ಇವತ್ತಿಗೆ ಎಂಟನೇ ದಿನ. ಕಂಕುಳಿನ ಗಂಟನ್ನೂ (ಲಿಂಫ್ ನೋಡ್) ತಗದಾರ. ಗಾಯದ ನೀರು ಹೊರಗ ಇಳಿಯಾಕ ಪೈಪ್ (ಡ್ರೇನ್), ಅದರ ತುದಿಗೆ ಡಬ್ಬಿ ಇಟ್ಟs ಮನೀಗೆ ಕಳಿಸ್ಯಾರ. ಡಬ್ಬ್ಯಾಗ 110, 90, 70, 65 ಎಂಎಲ್ ಅಂತ ಇಳೀತಿತ್ತು, ನಿನ್ನೆ ಒಮ್ಮೆಲೆ 120 ಆತು. ಜ್ವರ ಇಲ್ಲ. ಮಂದಿ "ಕೈ ಅಲುಗಾಡಿಸಬ್ಯಾಡ, ಹೊಲಿಗಿ ಬಿಚ್ಚತಾವ" ಅಂದದ್ದಕ್ಕ ಮೊಳಕೈ ಮೈಗೆ ಒತ್ತಿಕೊಂಡs ಕುಂತಿರತಾಳ. ತೋಳಿನ ಒಳಮೈ ಮುಟ್ಟಿದರ ಗೊತ್ತಾಗೂದಿಲ್ಲ ಅಂತಾಳ. ಪೈಪ್ ಎಂದ ತಗೀತಾರ, ಕೈ ಯಾವಾಗಿಂದ ಆಡಿಸಬೇಕು?

ಸರ್ಜರಿ ವಾರ್ಡ್ ಸಿಸ್ಟರ್

ಅಂಜಬ್ಯಾಡ್ರಿ, ಮೊದಲ ಬಣ್ಣ ನೋಡ್ರಿ. ಸುರುವಿಗೆ ಕೆಂಪು, ಆಮ್ಯಾಲೆ ತಿಳಿ ಗುಲಾಬಿ, ಕಡೀಕ ಒಣಹುಲ್ಲಿನ ಹಳದಿ, ಹಿಂಗ ಬದಲಾಗಬೇಕು. ನಿನ್ನಿಂದು ಹಳದೀನs ಇದ್ದರ, ಒಂದೋ ಆ ಕೈಲೆ ಏನರ ಎತ್ತಿರಬೇಕು, ಇಲ್ಲಾ ಮೊನ್ನೆ ಪೈಪಿನ್ಯಾಗ ಹೆಪ್ಪು ಸಿಕ್ಕಿ ನಿಂತಿದ್ದ ನೀರು ನಿನ್ನೆ ಇಳದಿರಬೇಕು. ಇನ್ನೊಂದು ತಪ್ಪು ಭಾಳ ಮನ್ಯಾಗ ಆಗತೈತಿ: ಒಂದಿನ ಮುಂಜಾನೆ, ಒಂದಿನ ಸಂಜಿಕ ಅಳೀತಾರ. ಹಂಗಾದರ ಅದು 24 ತಾಸಿನ ಲೆಕ್ಕ ಅಲ್ಲ. ದಿನಾ ಮುಂಜಾನೆ 7ಕ್ಕ ಅಂದರ 7ಕ್ಕ, ತಾರೀಖು ಹಾಕಿ ಬರೀರಿ. ಆ ಚೀಟಿ ನೋಡೇ ಡಾಕ್ಟರು ಪೈಪ್ ತಗೀಬೇಕೋ ಬ್ಯಾಡೋ ಅನ್ನೂದು ಹೇಳತಾರ. ಸಾಮಾನ್ಯವಾಗಿ ಎರಡು ದಿನ ಸಾಲಾಗಿ 30 ಎಂಎಲ್‌ಕಿಂತ ಕಡಿಮಿ ಬಂದ ಮ್ಯಾಲೆ. ಅದಕ್ಕ ಒಂದರಿಂದ ಮೂರು ವಾರ ಹಿಡಿಯಬಹುದು.

ಡಬ್ಬಿ ಖಾಲಿ ಮಾಡೂದು ಹಿಂಗ. ಸಾಬೂನು ಹಚ್ಚಿ ಕೈ ತೊಳಕೊಂಡು ಪೈಪಿನ ಕ್ಲಿಪ್ ಮುಚ್ಚರಿ. ಬೂಚು ತಗದು ಅಳತಿ ಕಪ್ಪಿಗೆ ಸುರವ್ರಿ. ಬೂಚಿನ ಒಳಬದಿ ಎಲ್ಲೂ ತಾಗಬಾರದು. ಈಗ ಡಬ್ಬೀನ ಬಾಜಾಪೆಟ್ಟಿಗಿ ತಿದಿಯಂಗ ಪೂರ್ತಿ ಒತ್ತಿ ಹಿಡದು, ಒತ್ತಿದಾಂಗನs ಬೂಚು ಹಾಕಿ, ಕಡೀಕ ಕ್ಲಿಪ್ ಬಿಡ್ರಿ. ಡಬ್ಬಿ ಚಪ್ಪಟಿ ಉಳದು ನಿಧಾನಕ ಉಬ್ಬಿದರ ಎಳತ ಐತಿ ಅಂತ ಅರ್ಥ. ಬೂಚು ಹಾಕಿದ ಕೂಡಲೇ ಗಾಳಿ ತುಂಬಿ ಉಬ್ಬಿದರ ಎಲ್ಲೋ ಸಡಿಲ ಐತಿ. ಎಳತ ಇಲ್ಲದ ಡಬ್ಬ್ಯಾಗ ನೀರು ಕಡಿಮಿ ಬರತೈತಿ, ಮನ್ಯಾಗಿನವರು ವಾಸಿ ಆತು ಅಂತ ಖುಷಿ ಪಡತಾರ. ಆದರ ಆ ನೀರೆಲ್ಲಾ ಚರ್ಮದ ಬುಡಕ ನಿಂತಿರತೈತಿ.

ಪೈಪಿನ್ಯಾಗ ದಾರದಂಥ ಹೆಪ್ಪು ಕಂಡರ, ಚರ್ಮದ ಹತ್ತರ ಒಂದು ಕೈಲೆ ಪೈಪ್ ಗಟ್ಟ್ಯಾಗಿ ಹಿಡದು, ಇನ್ನೊಂದು ಕೈ ಬೆರಳಿಲೆ ಡಬ್ಬಿ ಕಡೆ ಹಿಂಡಕೋತ ಬರ್ರಿ. ಮೊದಲನೇ ಕೈ ಹಿಡಿತ ಬಿಟ್ಟರ ಹೊಲಿಗಿ ಎಳದು ನೋವಾಗತೈತಿ. ಡಬ್ಬೀನ ಯಾವಾಗಲೂ ಕಂಕುಳಕಿಂತ ಕೆಳಗ, ಲಂಗದ ಲಾಡಿಗೆ ಪಿನ್ ಹಾಕಿ ಇಡ್ರಿ. ಪಿನ್ನು ಪೈಪಿಗೆ ಚುಚ್ಚಬಾರದು.

ನೀರು ಒಮ್ಮೆಲೆ ರಕ್ತದಂಗ ಕೆಂಪಾಗಿ ಡಬ್ಬಿ ಗಡಾಗಡಾ ತುಂಬಿದರ, ವಾಸನಿ ಅಥವಾ ಕೀವು ಬಂದರ, 100.4 ಡಿಗ್ರಿ ಜ್ವರ ಬಂದರ ಅವತ್ತs ಆಸ್ಪತ್ರಿಗೆ ಹೋಗ್ರಿ. ಪೈಪ್ ತಗದ ಮ್ಯಾಲೆ ಕಂಕುಳಾಗ ನೀರಿನ ಚೀಲದಂಗ ಉಬ್ಬಿ ಜುಳುಜುಳು ಅನ್ನಿಸಿದರ ಅದು ಸೀರೋಮಾ. ದೊಡ್ಡದಾದರ ಡಾಕ್ಟರು ಸೂಜಿಲೆ ಎಳದು ತಗೀತಾರ. ಮನ್ಯಾಗ ಒತ್ತಿ ಹಿಂಡೂದು ಮಾತ್ರ ಬ್ಯಾಡ.

ಫಿಜಿಯೋ, ವಿಜಯಪುರ

ಕೈ ಮೈಗೆ ಒತ್ತಿಕೊಂಡು ಕೂಡೂದನ್ನ ಇವತ್ತs ನಿಲ್ಲಿಸ್ರಿ. ಭುಜ ಹಿಡಕೊಂಡರ ನೋವಷ್ಟs ಅಲ್ಲ, ಮುಂದ ರೇಡಿಯೇಶನ್ ಬರೆದಿದ್ದರ ಅದಕ್ಕೂ ತೊಡಕು. ಆ ಟೇಬಲ್ ಮ್ಯಾಲೆ ಕೈ ತಲಿ ಮ್ಯಾಲೆ ಎತ್ತಿ ಅಲುಗಾಡದs ಮಲಗಬೇಕು. ಕೈ ಏಳದಿದ್ದರ ಚಿಕಿತ್ಸೇನs ಮುಂದಕ ಹೋಗತೈತಿ.

ಪೈಪ್ ಇರೋ ತನಕ ಮೊಳಕೈ ಭುಜದ ಮಟ್ಟ ದಾಟಬಾರದು. ಮಲಗಿ ಕೈಯನ್ನ ದಿಂಬಿನ ಮ್ಯಾಲೆ ಎದಿಗಿಂತ ಎತ್ತರಕ್ಕ ಇಟ್ಟು 45 ನಿಮಿಷ, ದಿನಕ್ಕ ಎರಡು ಮೂರು ಸರತಿ. ಹಂಗs ಮಲಗಿದಲ್ಲೇ ಮುಷ್ಟಿ ಬಿಗಿ ಹಿಡದು ಬಿಡೂದು 15ರಿಂದ 25 ಸಲ, ಮೊಳಕೈ ಮಡಚಿ ಚಾಚೂದೂ ಅಷ್ಟs ಸಲ. ತಲಿ ಬಾಚಿಕೊಳ್ಳೂದು, ತುತ್ತು ತಿನ್ನೂದು ಅದೇ ಕೈಲೆ ಮಾಡಲಿ, ಹೊಲಿಗಿ ಬಿಚ್ಚೂದಿಲ್ಲ.

ಪೈಪ್ ತಗದು ಸರ್ಜನ್ ಹೂಂ ಅಂದ ಮ್ಯಾಲೆ ಕೋಲಿನ ವ್ಯಾಯಾಮ: ಅಂಗಾತ ಮಲಗಿ ಎರಡೂ ಕೈಲೆ ಕೋಲು ಹಿಡದು, ಛಲೋ ಕೈಯಿಂದ ನೂಕತಾ ತಲಿ ಕಡೆ ಒಯ್ದು, ಎಳದಂಗ ಆದಲ್ಲಿ 5 ಸೆಕೆಂಡ್ ನಿಲ್ಲಿಸಿ ಇಳಸೂದು, 5ರಿಂದ 7 ಸಲ. ಆಮ್ಯಾಲೆ ಗ್ವಾಡಿಗೆ ಮುಖ ಮಾಡಿ ನಿಂತು ಬೆರಳಿಲೆ ಮ್ಯಾಲೆ ಹತ್ತೂದು. ಮುಟ್ಟಿದ ಜಾಗಕ್ಕ ಇದ್ದಲಿಲೆ ಗೆರಿ ಎಳೀರಿ. ಗೆರಿ ದಿನಾ ಒಂದು ಬೆರಳಿನಷ್ಟರ ಮ್ಯಾಲೆ ಹೋಗೂದು ಕಣ್ಣಿಗೆ ಕಂಡರ ಹೆಣ್ಣುಮಕ್ಕಳು ತಾವs ಮಾಡತಾರ. ಎಳತ ಸರಿ, ಚುಚ್ಚೋ ನೋವು ಬಂದರ ಅಲ್ಲೇ ನಿಲ್ಲಬೇಕು.

ಜೋಮು ಬಂದದ್ದು ಕಂಕುಳಿನ ಮೂಲಕ ತೋಳಿನ ಒಳಮೈಗೆ ಹೋಗೋ ಸಣ್ಣ ನರಕ್ಕ ಪೆಟ್ಟು ಬಿದ್ದದ್ದಕ್ಕ. ತಿಂಗಳುಗಟ್ಟಲೆ ಇರಬಹುದು, ಸ್ವಲ್ಪ ಭಾಗ ಕಾಯಂ ಉಳೀಬಹುದು. ಆ ಜಾಗಕ್ಕ ಬಿಸಿನೀರಿನ ಚೀಲ ಇಡಬ್ಯಾಡ್ರಿ, ಸುಟ್ಟರೂ ತಿಳಿಯೂದಿಲ್ಲ. ಕೆಲವು ವಾರದ ಮ್ಯಾಲೆ ಕಂಕುಳದಿಂದ ಮೊಳಕೈ ತನಕ ತಂತಿಯಂಗ ಬಿಗದ ಎಳಿ ಕಂಡರೂ ಗಾಬರಿ ಬ್ಯಾಡ. ಅದಕ್ಕ ಕಾರ್ಡಿಂಗ್ ಅಂತೀವಿ. ನಿಧಾನಕ ಎಳದು ಚಾಚೂದರಿಂದ ಬಿಡತೈತಿ. ಜಗ್ಗಿ ಹರೀಲಿಕ್ಕೆ ಹೋಗಬ್ಯಾಡ್ರಿ.

ಖಣದೂರು

ಇಬ್ಬರಿಗೂ ಶರಣ್ರಿ. ನೀರು ಹಳದಿನs ಐತಿ. ಕೇಳಿದರ, ಮೊನ್ನೆ ತುಂಬಿದ ಕೊಡ ಎತ್ತೇನಿ ಅಂದಳು. ರೊಟ್ಟಿ ಯಾವಾಗ ಬಡೀಲಿ ಅಂತ ದಿನಾ ಕೇಳತಾಳ. ಖಣದ ಕುಪ್ಪಸ ಹಾಕಬಹುದೇನ್ರಿ?

ಸರ್ಜರಿ ವಾರ್ಡ್ ಸಿಸ್ಟರ್

ಕೊಡಾನs ಕಾರಣ ಇರಬೇಕು. ಆದರೂ ಇವತ್ತು ಫೋನ್ ಮಾಡಿ 120 ಬಂದದ್ದು ಆಸ್ಪತ್ರಿಗೆ ತಿಳಸ್ರಿ. ಖಣದ ಕುಪ್ಪಸದ ತೋಳಪಟ್ಟಿ ರಟ್ಟಿಗೆ ಕಚ್ಚಿ ಹಿಡೀತೈತಿ, ಅದು ಬ್ಯಾಡ. ತೋಳು ಬಿಚ್ಚಿ ಎರಡು ಬೆರಳು ಸಲೀಸಾಗಿ ಹೋಗೂವಷ್ಟು ಅಗಲ ಮಾಡಿಸ್ರಿ, ಗುಂಡಿ ಮುಂದ ಇರಲಿ. ಆ ಕೈಯಾಗ ಬಿಗಿ ಬಳಿನೂ ಬ್ಯಾಡ.

ತೋಳಿನ ನೀರು ಮ್ಯಾಲೆ ಹೋಗೋ ದಾರ್ಯಾಗ ಇದ್ದ ಗಂಟು ಹೋಗ್ಯಾವ. ಹಂಗಾಗಿ ಕೈ ಬಾವು, ಅಂದರ ಲಿಂಫೆಡೀಮಾ, ತಿಂಗಳ ಮ್ಯಾಲೂ ಬರಬಹುದು, ವರ್ಷಗಳ ಮ್ಯಾಲೂ ಬರಬಹುದು. ಬಾವು ಇಲ್ಲದ ಈಗಲೇ ದರ್ಜಿ ಟೇಪಿಲೆ ಎರಡೂ ಕೈ ಅಳದು ಬರದಿಡ್ರಿ: ಮಣಿಕಟ್ಟು, ಮೊಳಕೈಯಿಂದ 10 ಸೆಂ.ಮೀ. ಕೆಳಗ, 10 ಸೆಂ.ಮೀ. ಮ್ಯಾಲೆ. ತಿಂಗಳಿಗೊಮ್ಮೆ ಅದೇ ಜಾಗದಾಗ ಅಳೀರಿ. ಮೊದಲಿನ ಅಳತಿಗಿಂತ 2 ಸೆಂ.ಮೀ. ಹೆಚ್ಚಾದರ ತೋರಸ್ರಿ. ಕೈ ಭಾರ ಅನ್ನಿಸಿದರೂ, ಬಳಿ ಗುರುತು ಮೂಡಿದರೂ ಅಳತಿಗೆ ಕಾಯಬ್ಯಾಡ್ರಿ. ಬಾವಿಗೆ ಅಳತಿ ತಗೊಂಡು ಕೊಡೋ ಕಂಪ್ರೆಷನ್ ತೋಳಚೀಲ ಬೇರೆ. ಕ್ರೇಪ್ ಬ್ಯಾಂಡೇಜ್ ಬಿಗಿದು ಸುತ್ತೂದು, ಎಣ್ಣಿ ಹಚ್ಚಿ ಜೋರಾಗಿ ತಿಕ್ಕಸೂದು, ಬರಿ ಹಾಕಸೂದು ಕೈ ಕೆಡಸತಾವ. ಮೂತ್ರ ಹೋಗೋ ಗುಳಿಗಿಲೆ ಈ ಬಾವು ಇಳಿಯೂದಿಲ್ಲ.

ರೊಟ್ಟಿ ಸದ್ಯಕ್ಕ ಬ್ಯಾಡ. ಬಡಿಯೋ ಹೊತ್ತಿನ್ಯಾಗ ಭುಜಕ್ಕ ಪೆಟ್ಟು ಮ್ಯಾಲಿಂದ ಮ್ಯಾಲೆ ಬೀಳತೈತಿ, ಹಂಚಿನ ಝಳ ಬ್ಯಾರೆ. ಗಾಯ ಪೂರ್ತಿ ಮಾಗಿ, ಕೈ ಸಲೀಸಾಗಿ ತಲಿ ಮ್ಯಾಲೆ ಏಳೂ ಹಂಗಾದ ಮ್ಯಾಲೆ ಸರ್ಜನ್‌ನ ಕೇಳಿ ಎರಡು ರೊಟ್ಟಿಯಿಂದ ಸುರು ಮಾಡಲಿ, ಕೈ ಭಾರ ಆಗದಿದ್ದರ ನಾಲ್ಕು. ಹಂಚಿನ ಮ್ಯಾಲೆ ತಿರವಾಕ ಬಲಗೈ ಬಳಸಲಿ. ಈಳಿಗಿ ಗಾಯ, ಜಾಲಿಮುಳ್ಳು, ಹತ್ತಿ ಬಿಡಸೋವಾಗಿನ ಗೀರು ಯಾವುದನ್ನೂ ಸಣ್ಣದು ಅನ್ನಬ್ಯಾಡ್ರಿ. ಕೂಡಲೇ ಸಾಬೂನು ನೀರಿಲೆ ತೊಳದು ಮುಲಾಮು ಹಚ್ಚರಿ. ಕೈ ಕೆಂಪಾಗಿ ಬಿಸಿ ಆದರ ಕೆಂಪಿನ ಅಂಚಿಗೆ ಪೆನ್ನಿಲೆ ಗೆರಿ ಹಾಕಿಕೊಂಡು ಅವತ್ತs ದವಾಖಾನಿಗೆ ಹೋಗ್ರಿ. ಗೆರಿ ದಾಟಿ ಹಬ್ಬಿದ್ದು ಕಂಡರ ಡಾಕ್ಟರಿಗೆ ಎಷ್ಟು ಜಲ್ದಿ ಏರಾಕತ್ತೈತಿ ಅನ್ನೂದು ತಿಳೀತೈತಿ.