ಇಕಾಲಜಿ ಓದಿದರೆ ಹೊಟ್ಟೆಪಾಡು ನಡೆಯುತ್ತಾ?

ಸೊಪ್ಪಿನಬೆಟ್ಟ:
ನಮಸ್ಕಾರ. ನಾನು ಸಿದ್ದಾಪುರ ತಾಲ್ಲೂಕಿನವಳು. ಬಿ.ಎಸ್ಸಿ. ಕೊನೆ ಸೆಮಿಸ್ಟರ್, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಹೋದ ವರ್ಷ ಕಾಲೇಜಿನವರು ಕತ್ತಲೆಕಾನಿಗೆ ಕರೆದುಕೊಂಡು ಹೋಗಿದ್ದರು. ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರಗಳ ಜೌಗು ಕಾಡು) ಬೇರುಗಳು ಮಂಡಿ ಮಡಿಸಿದ ಹಾಗೆ ನೀರಿಂದ ಮೇಲೆದ್ದು ಮತ್ತೆ ಒಳಗೆ ಹೋಗುವುದನ್ನು ನೋಡಿದೆ. ಅವತ್ತಿನಿಂದ ತಲೆಯಲ್ಲಿ ಇದೇ ಹುಳ: ಇಕಾಲಜಿ, ಅಂದರೆ ಗಿಡ, ಪ್ರಾಣಿ, ಪರಿಸರದ ನಂಟಿನ ಅಧ್ಯಯನ, ಓದಬೇಕು ಅಂತ.

ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಿದ್ದಾರೆ. ಅಪ್ಪ ಕೇಳುವುದು ಒಂದೇ ಮಾತು, "ಗಿಡ ನೋಡಿದ್ದಕ್ಕೆ ಸಂಬಳ ಯಾರು ಕೊಡ್ತಾರೆ?" ನನ್ನ ಹತ್ತಿರ ಉತ್ತರ ಇಲ್ಲ. ಎಂ.ಎಸ್ಸಿ. ಎಲ್ಲಿ ಮಾಡಬೇಕು, ಮುಂದೆ ಕೆಲಸ ಏನು? ಈ ದಾರಿಯಲ್ಲಿ ಹೋದವರು ಇದ್ದದ್ದು ಇದ್ದ ಹಾಗೆ ಹೇಳಿ.

ಒದ್ದೆ ನೋಟ್‌ಬುಕ್:
ತಂಗಿ, ನಾನು ನಿನ್ನ ಪಕ್ಕದ ತಾಲ್ಲೂಕಿನವನೇ. ಪಿಎಚ್.ಡಿ. ಮುಗಿಸಿ ಈಗ ಮೈಸೂರಿನಲ್ಲಿ ಒಂದು ಸಂಸ್ಥೆಯಲ್ಲಿ ಇದ್ದೇನೆ. ಮೊದಲು ನಿನ್ನ ಅಪ್ಪನಿಗೆ ಉತ್ತರ.

ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಮೇಲೆ ಮನೆ ಬಾಡಿಗೆ ಭತ್ಯೆ. 2023ರಿಂದ ಈ ದರ. ಇದು ಪಿಎಚ್.ಡಿ. ಮಾಡುವಾಗ. ಮುಗಿದ ಮೇಲೆ ಕಾಯಂ ಕೆಲಸ ಕಡಿಮೆ. ನನ್ನದು ಈಗಲೂ ಪ್ರಾಜೆಕ್ಟ್ ಸಂಬಳ. ಅನುದಾನ ಮುಗಿಯುವ ವರ್ಷ ನಿದ್ದೆ ಸರಿಯಾಗಿ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ನಿನ್ನನ್ನು ಹುರಿದುಂಬಿಸುವುದಿಲ್ಲ.

ಎಂ.ಎಸ್ಸಿ. ವಿಷಯ. ಬೆಂಗಳೂರಿನ ಎನ್.ಸಿ.ಬಿ.ಎಸ್.ನಲ್ಲಿ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ವನ್ಯಜೀವಿ ಜೀವಶಾಸ್ತ್ರದ ಕೋರ್ಸ್ ಇದೆ. ಎರಡು ವರ್ಷಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುತ್ತಾರೆ, ಸೀಟು ಬೆರಳೆಣಿಕೆ. ನಿನ್ನ ವರ್ಷಕ್ಕೆ ಹೊಂದುತ್ತಾ ಅಂತ ಈಗಲೇ ನೋಡಿಕೋ. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ ಇನ್ನೊಂದು. ಪಾಂಡಿಚೇರಿ ವಿಶ್ವವಿದ್ಯಾಲಯಕ್ಕೆ ಸಿ.ಯು.ಇ.ಟಿ. ಪ್ರವೇಶ ಪರೀಕ್ಷೆ ಬರೆಯಬೇಕು. ಹತ್ತಿರದಲ್ಲೇ ಬೇಕೆಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದೆ. ಯಾವುದೂ ಸಿಗದಿದ್ದರೆ ಸುಮ್ನೆ ಸಸ್ಯಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡು. ಐ.ಐ.ಎಸ್‌ಸಿ.ಯ ಪರಿಸರ ವಿಜ್ಞಾನ ಕೇಂದ್ರಕ್ಕೋ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಗೋ ಪಿಎಚ್.ಡಿ.ಗೆ ಅರ್ಜಿ ಹಾಕುವಾಗ ಅದೇನೂ ಅಡ್ಡ ಬರುವುದಿಲ್ಲ.

ಆದರೆ ಅದಕ್ಕೂ ಮೊದಲು ಒಂದು ವರ್ಷ ಯಾರದಾದರೂ ಪ್ರಾಜೆಕ್ಟಿನಲ್ಲಿ ಫೀಲ್ಡ್ ಸಹಾಯಕಿಯಾಗಿ ದುಡಿ. ಇದೊಂದನ್ನು ನಾನು ಒತ್ತಿ ಹೇಳುತ್ತೇನೆ. ಜಡ್ಡಿಯನ್ನು ಒಂದು ದಿನ ನೋಡಿ ಖುಷಿಪಡುವುದು ಬೇರೆ, ಅದೇ ಮರಗಳ ಹತ್ತಿರ ಪ್ರತಿ ತಿಂಗಳೂ ಹೋಗುವುದು ಬೇರೆ. ನಾನು ಇಪ್ಪತ್ತಾರು ತಿಂಗಳು ಮುನ್ನೂರು ಮರ ನೋಡಿದ್ದೇನೆ. ಪ್ರತಿ ಮರಕ್ಕೂ ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೆ ನಂಬರು. ಕತ್ತು ಎತ್ತಿ ದುರ್ಬೀನಿನಲ್ಲಿ ನೆತ್ತಿ ನೋಡಿ ಎಲೆ, ಹೂವು, ಕಾಯಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕುವುದು. ಹೆಚ್ಚಿನ ಸಲ ಸೊನ್ನೆಯೇ. ಮಳೆಗಾಲದಲ್ಲಿ ಪೆನ್ನಿನಿಂದ ಬರೆದದ್ದು ಸಂಜೆಯೊಳಗೆ ನೀಲಿ ಮಸಿಯ ಹೊಳೆಯಾಗುತ್ತೆ, ಅದಕ್ಕೇ ಪೆನ್ಸಿಲ್. ಇಂಬಳ (ಜಿಗಣೆ) ನೋಟ್‌ಬುಕ್ಕಿನ ಹಾಳೆಯ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿರುತ್ತೆ. ನನ್ನ ಕೆಲವು ಹಾಳೆಗಳ ಮೇಲೆ ಆ ಕಂದು ಕಲೆ ಈಗಲೂ ಇದೆ.

ಒಮ್ಮೆ ಗೊತ್ತಿಲ್ಲದ ಮರ ಅಂತ ತೊಗಟೆ ಕೆತ್ತಿ ಮೂಸಿದೆ. ಹೊಲಗೇರು, ಸೊನೆ ತಾಗಿದರೆ ಮೈ ಊದುವ ಮರ! ಮುಖ ಕುಂಬಳಕಾಯಿ ಆಯಿತು, ನಾಲ್ಕು ದಿನ ಹೊರಗೆ ಬರಲಿಲ್ಲ. ನಮ್ಮ ಜೊತೆಗಿದ್ದ ಊರಿನ ಅಜ್ಜ "ಕೇಳಿದ್ರೆ ಹೇಳ್ತಿದ್ನಲ್ಲ" ಅಂದ.

ಇನ್ನೊಂದು ತಪ್ಪು ಅದಕ್ಕಿಂತ ದುಬಾರಿ. ಮೊದಲ ವರ್ಷ ಮರ ಎಣಿಸಲು ನಾನು ಗುರುತು ಹಾಕಿದ ಪ್ಲಾಟ್‌ಗಳೆಲ್ಲ ಕಾಲುದಾರಿಯ ಪಕ್ಕದಲ್ಲೇ. ಒಳಗೆ ಬೆತ್ತದ ಮುಳ್ಳು, ಹೋಗುವುದು ಕಷ್ಟ, ಅದಕ್ಕೇ. ನನ್ನ ಗೈಡ್ ನಕ್ಷೆ ನೋಡಿ, "ಇದು ಕಾಡಿನ ಲೆಕ್ಕವಲ್ಲ, ದಾರಿಯ ಲೆಕ್ಕ" ಅಂದರು. ದಾರಿ ಬದಿಗೆ ಬಿಸಿಲು ಜಾಸ್ತಿ, ಜನ ಸೌದೆ ಕಡಿದಿರುತ್ತಾರೆ, ಅಲ್ಲಿ ಬೆಳೆಯುವ ಮರವೇ ಬೇರೆ. ಎಂಟು ತಿಂಗಳ ಕೆಲಸ ಹೋಯಿತು. ಎಲ್ಲಿ ಅಳೆಯಬೇಕು ಅಂತ ಕಲಿಸುವುದು ಸಂಖ್ಯಾಶಾಸ್ತ್ರ, ಹಾಗಾಗಿ ಅದಕ್ಕೆ ಹೆದರಬೇಡ, ಈಗಿನಿಂದಲೇ ಕಲಿ. ಲೆಕ್ಕಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್, ಎರಡೂ ಪುಕ್ಕಟೆ ಸಿಗುತ್ತವೆ.

ಹಳೇ ಕನ್ಸಲ್ಟೆಂಟ್:
ಖಾಸಗಿ ಕಡೆಯ ಮಾತು ಯಾರೂ ಹೇಳಲಿಲ್ಲ. ಗಣಿ, ಅಣೆಕಟ್ಟು, ಹೆದ್ದಾರಿಗೆ ಮೊದಲು ಪರಿಸರ ಪರಿಣಾಮದ ವರದಿ ಬೇಕು, 2006ರ ಅಧಿಸೂಚನೆ ಪ್ರಕಾರ. ಅದರ ತಂಡದಲ್ಲಿ ಜೀವವೈವಿಧ್ಯದ ತಜ್ಞರೂ ಇರಬೇಕು. ಸಂಬಳ ತಿಂಗಳು ತಿಂಗಳು ಬರುತ್ತೆ. ನಾಲ್ಕು ವರ್ಷ ಮಾಡಿ ಬಿಟ್ಟೆ. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಋತುವಿನ ಮಾಹಿತಿ ಸಾಕು ಅಂತ ನಿಯಮ. ಘಟ್ಟದಲ್ಲಿ ಮಾರ್ಚ್ ತಿಂಗಳಲ್ಲಿ ಕಪ್ಪೆ ಹುಡುಕಿದರೆ ಎಷ್ಟು ಸಿಗುತ್ತವೆ ಹೇಳಿ? ಹೆಸರು ಬೇಡ, ಒಂದು ಕಂಪನಿಯಲ್ಲಿ ನಾನು ಬರೆದ "ಮಳೆಗಾಲದಲ್ಲಿ ಇನ್ನೊಮ್ಮೆ ನೋಡಬೇಕು" ಅನ್ನುವ ಸಾಲು ಅಂತಿಮ ವರದಿಯಲ್ಲಿ ಮಾಯವಾಗಿತ್ತು. ಒಳ್ಳೆಯ ಕಡೆಯೂ ಇವೆ. ಸೇರುವ ಮೊದಲು ಅವರ ಹಳೆಯ ವರದಿ ಒಂದನ್ನು ಓದಿ.

ಖಾಕಿ ಅಂಗಿ:
ಅರಣ್ಯ ಇಲಾಖೆಯವನು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ್ದೀರಿ ಅಂದರೆ ಐ.ಎಫ್.ಎಸ್. (ಭಾರತೀಯ ಅರಣ್ಯ ಸೇವೆ) ಬರೆಯಬಹುದು. ಪ್ರಿಲಿಮ್ಸ್ ಸಿವಿಲ್ ಸರ್ವಿಸ್‌ನದೇ. ಆರ್.ಎಫ್.ಒ. (ವಲಯ ಅರಣ್ಯಾಧಿಕಾರಿ) ನೇರ ನೇಮಕದಲ್ಲಿ ಸಿರಸಿ, ಪೊನ್ನಂಪೇಟೆಯಂಥ ಕಡೆ ಅರಣ್ಯಶಾಸ್ತ್ರವೇ ಓದಿದವರಿಗೆ ದೊಡ್ಡ ಪಾಲು ಇದೆ, ಅದು ಗೊತ್ತಿರಲಿ. ಮತ್ತೆ, ಇಲ್ಲಿ ಕಾಡಿಗಿಂತ ಫೈಲು ಜಾಸ್ತಿ.

ಸೊಪ್ಪಿನಬೆಟ್ಟ:
ಎಲ್ಲರಿಗೂ ಧನ್ಯವಾದ. ಅಣ್ಣ, 37,000 ಅಂದಾಗ ಅಪ್ಪ ಪೇಪರ್ ಕೆಳಗಿಟ್ಟರು. ಅನುದಾನ ಮುಗಿಯುವ ವರ್ಷದ ವಿಷಯ ಓದಿದಾಗ ಮತ್ತೆ ಎತ್ತಿಕೊಂಡರು. ಫೀಲ್ಡ್ ಕೆಲಸಕ್ಕೆ ಅನುಭವ ಕೇಳುತ್ತಾರೆ, ಅನುಭವ ಎಲ್ಲಿಂದ ತರಲಿ?

ಒದ್ದೆ ನೋಟ್‌ಬುಕ್:
ನಿಮ್ಮ ಮನೆಯ ಸೊಪ್ಪಿನ ಬೆಟ್ಟದಿಂದ, ತೋಟಕ್ಕೆ ಸೊಪ್ಪು ತರುವ ಆ ಕಾಡಿನಿಂದ! ಹೆಸರೇ ಅದನ್ನಿಟ್ಟುಕೊಂಡಿದ್ದೀಯಲ್ಲ. 20 ಮೀಟರ್ ಉದ್ದ, 20 ಮೀಟರ್ ಅಗಲದ ಐದು ಚೌಕ ಹಾಕು. ದಾರಿ ಪಕ್ಕ ಮಾತ್ರ ಹಾಕಬೇಡ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಪ್ರತಿ ಮರದ ಸುತ್ತಳತೆ ಬರೆದುಕೋ. ಸೊಪ್ಪು ಕಡಿದ ಗುರುತು ಇದೆಯಾ ಅಂತಲೂ ಬರೆ. ಅರ್ಜಿಯ ಜೊತೆ ಆ ಎರಡು ಹಾಳೆ ಕಳಿಸಿದರೆ ನಾನಾಗಿದ್ದರೆ ಮೊದಲು ನಿನ್ನನ್ನೇ ಕರೆಯುತ್ತಿದ್ದೆ.

ಸೊಪ್ಪಿನಬೆಟ್ಟ:
ಮೂರು ಚೌಕ ಆಯಿತು. 61 ಮರ. ಅದರಲ್ಲಿ 14ರ ಹೆಸರು ನನಗೆ ಗೊತ್ತಿರಲಿಲ್ಲ, ಒಂಬತ್ತನ್ನು ಅಪ್ಪ ಹೇಳಿದರು. ತೊಗಟೆ ಮೂಸಲಿಲ್ಲ. ಆಯಿಯ (ಅಮ್ಮನ) ಹೊಲಿಗೆ ಟೇಪು ತಂದಿದ್ದೆ, ಒಂದು ಮತ್ತಿ ಮರಕ್ಕೆ ಸಾಲಲಿಲ್ಲ. ಏನು ಮಾಡಲಿ?

ಒದ್ದೆ ನೋಟ್‌ಬುಕ್:
ಬಾವಿ ಹಗ್ಗ ಸುತ್ತಿ, ಗಂಟು ಹಾಕಿ ಗುರುತು ಮಾಡಿಕೊಂಡು ಮನೆಯಲ್ಲಿ ಅಳೆ. ಹಗ್ಗ ಒದ್ದೆ ಇರಬಾರದು. ಉಳಿದ ಐದರ ಎಲೆ, ಕಾಯಿ ಫೋಟೋ ಇಲ್ಲಿ ಹಾಕು.